ಅಕ್ಕನ ಪುಸ್ತಕದ ಒಂಬತ್ತು ವರ್ಷ

ಕಲ್ಯಾಣಿಯ ಬಲಗೈ ಹೆಬ್ಬೆರಳಿಗೆ ದೇವಕಿ ಮೂರನೆಯ ಸಲ ತೆಂಗಿನೆಣ್ಣೆ ಹಚ್ಚಿ ತಿಕ್ಕಿದಳು. ಉಗುರಿನ ಬುಡದ ಕಂದು ಕಲೆ ಸ್ವಲ್ಪವೂ ತೆಳುವಾಗಲಿಲ್ಲ. ಮನೆಯ ಹಿಂದೆ ತೆಂಗಿನ ಮಡಲು ಅಡ್ಡ ಕಟ್ಟಿ ಮಾಡಿದ ಮರೆಯಲ್ಲಿ, ಹಲಗೆಯ ಮೇಲೆ ಮಲಗಿಸಿದ್ದ ಅಕ್ಕನ ಮೈಗೆ ನೆರೆಯ ಹೆಂಗಸರಿಬ್ಬರು ನೀರು ಹೊಯ್ಯುತ್ತಿದ್ದರು. ಹೊತ್ತಾಗುತ್ತಿದೆ, ಗಂಡಸರು ಕಾಯುತ್ತಿದ್ದಾರೆ ಎಂದು ಅವರು ಆಗಲೇ ಎರಡು ಸಲ ಹೇಳಿದ್ದರು.

ಮರೆಯ ಆಚೆ ಒಗೆಯುವ ಕಲ್ಲಿನ ಮೇಲೆ ಐಸಮ್ಮ ಕುಳಿತಿದ್ದಳು. ಬೇಲಿಯಾಚೆಯ ಮನೆಯವಳು, ಇಪ್ಪತ್ತೈದು ವರ್ಷ ಕಲ್ಯಾಣಿಯ ಎದುರು ಕುಳಿತು ಬೀಡಿ ಕಟ್ಟಿದವಳು.

"ಬಿಡು ದೇವಕಿ," ಎಂದಳು ಅಲ್ಲಿಂದಲೇ. "ಆ ಕಲೆ ಚರ್ಮದ್ದಲ್ಲ, ಎಲುಬಿನದ್ದು. ತಿಕ್ಕಿದರೆ ಹೋಗುವುದಾದರೆ ನಾವೆಲ್ಲ ಇಷ್ಟರಲ್ಲಿ ಡಾಕ್ಟರಮ್ಮಂದಿರ ಹಾಗೆ ಕಾಣ್ತಿದ್ದೆವು."

ನೀರು ಹೊಯ್ಯುತ್ತಿದ್ದವರಲ್ಲಿ ಒಬ್ಬಳಿಗೆ ನಗು ಬಂದು, ಅದನ್ನು ಕೆಮ್ಮಿನಲ್ಲಿ ಮುಚ್ಚಿದಳು. ದೇವಕಿ ಅಕ್ಕನ ಕೈಯನ್ನು ಮೆಲ್ಲಗೆ ಹಲಗೆಯ ಮೇಲಿಟ್ಟಳು.

ಬೆಳಗಿನ ಜಾವ ಎದೆ ಉರಿಯುತ್ತದೆ ಎಂದವಳು, ರಿಕ್ಷಾ ಬರುವಷ್ಟರಲ್ಲಿ ಚಾವಡಿಯ ಕಂಬಕ್ಕೆ ಒರಗಿದಲ್ಲೇ ಹೋಗಿಬಿಟ್ಟಿದ್ದಳು. ಐವತ್ತನಾಲ್ಕು ವರ್ಷ. ಹಿಂದಿನ ಸಂಜೆಯಷ್ಟೇ ದೇವಕಿಗೆ ಫೋನು ಮಾಡಿ, ಮಂಗಳವಾರ ಬೀಡಿ ಬ್ರಾಂಚಿನ ಹಳೆಯ ಚೆಕ್ಕರು ಸಂಕಪ್ಪಣ್ಣನ ಮನೆಗೆ ಹೋಗುವುದುಂಟು, ಈ ಸಲ ನೀನೂ ಬರಬೇಕು ಎಂದಿದ್ದಳು. ಶಾಲೆಯ ಬಿಸಿಯೂಟಕ್ಕೆ ನಾನೊಬ್ಬಳೇ ಇರುವುದು, ನನ್ನಿಂದಾಗದು ಎಂದು ದೇವಕಿ ಹೇಳಿದ್ದಳು. ಅದು ಪೂರ್ತಿ ನಿಜವಾಗಿರಲಿಲ್ಲ. ಅಕ್ಕ, ಆಯಿತು, ನಾನೇ ಹೋಗುತ್ತೇನೆ ಎಂದು ಫೋನು ಇಟ್ಟಿದ್ದಳು.

ಸ್ನಾನ ಮಾಡಿಸಿ, ಬಿಳಿ ಸೀರೆ ಉಡಿಸಿ, ಚಾವಡಿಯಲ್ಲಿ ಬಾಳೆಲೆಯ ಮೇಲೆ ಮಲಗಿಸಿದ ಮೇಲೆ ಹೆಂಗಸರು ಒಬ್ಬೊಬ್ಬರಾಗಿ ಬರತೊಡಗಿದರು. ಬಾಯಿಗೆ ತುಳಸಿ ನೀರು ಬಿಟ್ಟು, ಗೋಡೆಯ ಬದಿಗೆ ಸರಿದು ಕುಳಿತರು. ಸತ್ತವಳ ಗುಣ ಹೇಳಿ ಅಳುವುದು ಎಲ್ಲ ಮನೆಯಲ್ಲೂ ಇದ್ದದ್ದೇ. ಇಲ್ಲಿ ಮಾತ್ರ ಅವರು ಭವಿಷ್ಯನಿಧಿಯ ನಂಬರು ಹೇಳಿ ಅಳುತ್ತಿದ್ದರು. ಒಬ್ಬಳ ಹಣ ಹಳೆಯ ಕಂಪನಿಯ ನಂಬರಿನಲ್ಲಿ ಸಿಕ್ಕಿಬಿದ್ದಿತ್ತು. ಹೊಸ ಕಂಪನಿಗೆ ಅದನ್ನು ತರಿಸಿಕೊಟ್ಟದ್ದು ಕಲ್ಯಾಣಿ. ಇನ್ನೊಬ್ಬಳು ಕೆಲಸ ಬಿಟ್ಟ ತಾರೀಕನ್ನೇ ಯಾರೂ ಬರೆದಿರಲಿಲ್ಲ, ಬರೆಸಿದ್ದು ಕಲ್ಯಾಣಿ. ಒಂದು ಕಾಲದಲ್ಲಿ ಬೀಡಿ ಬ್ರಾಂಚಿನ ಬರಹಗಾರ ಸುಲಭವಾಗಲೆಂದು ಎಲ್ಲ ಹೆಂಗಸರ ಹುಟ್ಟಿದ ದಿನವನ್ನೂ ಜೂನ್ ಒಂದು ಎಂದು ಬರೆದಿದ್ದ. ಅದನ್ನು ತಿದ್ದಿಸಲು ಕಲ್ಯಾಣಿ ಹದಿನಾಲ್ಕು ಜನರನ್ನು ಒಂದೇ ಬಸ್ಸಿನಲ್ಲಿ ಪೇಟೆಯ ಪಿ.ಎಫ್. ಕಚೇರಿಗೆ ಕರೆದುಕೊಂಡು ಹೋಗಿದ್ದಳು. ಕಿಟಕಿಯಾಚೆಯ ಗುಮಾಸ್ತ, ಇಡೀ ಊರಿಗೆ ಒಂದೇ ದಿನ ಹೆರಿಗೆಯಾದದ್ದಾ ಎಂದು ಕೇಳಿದನಂತೆ. ಹೌದು, ಒಬ್ಬಳೇ ಸೂಲಗಿತ್ತಿ, ಪಾಪ ತುಂಬ ಸುಸ್ತಾದಳು ಎಂದಳಂತೆ ಕಲ್ಯಾಣಿ.

ಊರವರ ನಂಬರನ್ನೆಲ್ಲ ಸರಿ ಮಾಡಿದವಳ ಸ್ವಂತ ನಂಬರು ಮಾತ್ರ ನಾಲ್ಕು ವರ್ಷವಾದರೂ ಸರಿಯಾಗಿರಲಿಲ್ಲ. ಅದು ಸರಿಯಾಗದೆ ಉಳಿದದ್ದು ತನ್ನಿಂದ ಎಂಬುದು ಗೋಡೆಗೊರಗಿ ಕುಳಿತ ದೇವಕಿಗೆ ಗೊತ್ತಿತ್ತು.

*

ಕಲ್ಯಾಣಿಯ ಮದುವೆ ಮುಗಿದ ಸೋಮವಾರ ಅಪ್ಪ ದೇವಕಿಯ ಶಾಲೆಯ ಚೀಲವನ್ನು ಅಟ್ಟದ ಮೇಲಿಟ್ಟ. ಅವಳಿಗೆ ಆಗ ಹದಿಮೂರು. ಅಕ್ಕ ಗಂಡನ ಮನೆಗೆ ಹೋದ ಸಂಗತಿಯನ್ನು ಅಪ್ಪ ಬೀಡಿ ಬ್ರಾಂಚಿಗೆ ಹೇಳಿರಲಿಲ್ಲ. ಹೇಳಿದ್ದರೆ ಎಲೆ, ಬೀಡಿಯ ಲೆಕ್ಕ ಬರೆಯುವ ಅಕ್ಕನ ಪುಸ್ತಕವನ್ನು ಹಿಂದೆ ಕೊಡಬೇಕಿತ್ತು. ಪುಸ್ತಕ ಹೋದರೆ ದಿನಕ್ಕೆ ಸಾವಿರ ಬೀಡಿಯ ಎಲೆ, ಹೊಗೆಸೊಪ್ಪು ಹೋಗುತ್ತಿತ್ತು. ಹದಿಮೂರರ ಹುಡುಗಿಗೆ ಹೊಸ ಪುಸ್ತಕ ಕೊಡುವಂತಿರಲಿಲ್ಲ. ಹಾಗಾಗಿ ಅಕ್ಕನ ಪುಸ್ತಕದಲ್ಲಿ ತಂಗಿ ಕುಳಿತಳು. ಊರಿನ ಹತ್ತು ಮನೆಗಳಲ್ಲಿ ಏಳರಲ್ಲಿ ಹೀಗೆಯೇ ನಡೆಯುತ್ತಿತ್ತು. ಮದುವೆಯಾದವಳ ಹೆಸರು ತವರಿನಲ್ಲೇ ಉಳಿದು ಬೀಡಿ ಕಟ್ಟುತ್ತಿತ್ತು.

ಸಂಜೆ ಬೀಡಿಯ ಬುಟ್ಟಿ ಹೊತ್ತು ಬ್ರಾಂಚಿನ ಸಾಲಿನಲ್ಲಿ ನಿಂತರೆ ಒಳಗಿನಿಂದ "ಕಲ್ಯಾಣಿ" ಎಂದು ಕರೆಯುತ್ತಿದ್ದರು. ದೇವಕಿ "ಹಾಂ" ಎನ್ನಬೇಕಿತ್ತು. ಒಂಬತ್ತು ವರ್ಷ ಹಾಂ ಎಂದಳು. ವಾರದ ಮಜೂರಿ ಅಪ್ಪನ ಕೈಗೆ ಹೋಯಿತು. ಪಿ.ಎಫ್. ಎಂದು ಮುರಿದದ್ದು ಕಲ್ಯಾಣಿಯ ಹೆಸರಿಗೆ ಹೋಯಿತು. ಅಕ್ಕ ಹಬ್ಬಕ್ಕೆ ಬಂದಾಗ ದೇವಕಿ ಚಾವಡಿಯಲ್ಲಿ ಬೀಡಿ ಕಟ್ಟುತ್ತಲೇ ಇರುತ್ತಿದ್ದಳು. ಅಕ್ಕ ಬಳೆ ತರುತ್ತಿದ್ದಳು, ತಲೆ ಬಾಚುತ್ತಿದ್ದಳು, ಪುಸ್ತಕದ ಮಾತು ಎತ್ತುತ್ತಿರಲಿಲ್ಲ. ಗೊತ್ತಿದ್ದೂ ಸುಮ್ಮನಿದ್ದಾಳೆ ಎಂದುಕೊಂಡಳು ದೇವಕಿ. ತನ್ನ ಹೆಸರಿಗೆ ಗಂಟು ಬೆಳೆಯುವಾಗ ಯಾರು ಬೇಡವೆನ್ನುತ್ತಾರೆ ಎಂದುಕೊಂಡಳು. ಬಳೆಗಳನ್ನು ಹಾಕಿಕೊಳ್ಳಲಿಲ್ಲ.

ಇಪ್ಪತ್ತೆರಡರಲ್ಲಿ ಅವಳ ಮದುವೆಯಾಯಿತು. ಗಂಡನ ಊರಿನಲ್ಲಿ ಬೇರೆ ಕಂಪನಿಯ ಬ್ರಾಂಚಿತ್ತು. ಅಲ್ಲಿ ಅವಳದ್ದೇ ಹೆಸರಿನ ಪುಸ್ತಕ ಮಾಡಿಸಿದರು. ಮೊದಲ ಸಂಜೆ ಒಳಗಿನಿಂದ "ದೇವಕಿ" ಎಂದು ಮೂರು ಸಲ ಕರೆದರು. ಹಿಂದೆ ನಿಂತವಳು ತಟ್ಟಿ ಹೇಳುವ ತನಕ ಅವಳು ಮುಂದೆ ಹೋಗಲಿಲ್ಲ.

ಏಳು ವರ್ಷ ಅಲ್ಲಿ ಕಟ್ಟಿದಳು. ಆಮೇಲೆ ಗಂಡನ ಕಾಯಿಲೆ, ಅವನ ಸಾವು, ಶಾಲೆಯ ಅಡುಗೆ ಕೆಲಸ. ಬಿಸಿಯೂಟದವರಿಗೆ ಪಿ.ಎಫ್. ಇಲ್ಲ.

*

ಹಿತ್ತಿಲಿನಲ್ಲಿ ಮಾವಿನ ಮರ ಉರುಳುವ ಸದ್ದಿಗೆ ದೇವಕಿ ಎದ್ದು ಹೊರಗೆ ಬಂದಳು. ಚಿತೆಗೆ ಮರ ಸೀಳುತ್ತಿದ್ದವರಿಂದ ಸ್ವಲ್ಪ ದೂರ ನಿಂತು ಕಲ್ಯಾಣಿಯ ಮಗ ಪುರಂದರ ಫೋನಿನಲ್ಲಿ ಮಾತಾಡುತ್ತಿದ್ದ. ಒಬ್ಬನೇ ಮಗ, ಇಪ್ಪತ್ತೊಂಬತ್ತರವನು, ಪೇಟೆಯಲ್ಲಿ ಸಾಮಾನು ಸಾಗಿಸುವ ರಿಕ್ಷಾ ಓಡಿಸುತ್ತಾನೆ. ಅತ್ತ ಕಡೆ ಮಾತಾಡುತ್ತಿದ್ದವನು ಸೇವಾಕೇಂದ್ರದ ರೋಹಿತಾಕ್ಷ ಎಂದು ದೇವಕಿಗೆ ತಿಳಿಯಿತು. ಪೇಟೆಯಲ್ಲಿ ಕಂಪ್ಯೂಟರು ಇಟ್ಟುಕೊಂಡು ಎಲ್ಲರ ಫಾರ್ಮು ತುಂಬಿಸುವವನು ಅವನು.

ಚಿಕ್ಕಮ್ಮನನ್ನು ಕಂಡು ಪುರಂದರ ಫೋನು ಕಿಸೆಗೆ ಹಾಕಿದ. ಕೇಳದೆಯೇ ಹೇಳಿದ. ಮರಣದ ಸರ್ಟಿಫಿಕೇಟು ಸಿಕ್ಕಿದ ಕೂಡಲೇ ಅಮ್ಮನ ಪಿ.ಎಫ್.ಗೆ ಅರ್ಜಿ ಹಾಕಬಹುದಂತೆ. ಸತ್ತವರ ಅರ್ಜಿಯಲ್ಲಿ ತವರಿನದು, ಇಲ್ಲಿಯದು, ಎರಡು ನಂಬರಿನ ತಾರೀಕು ಒಂದರ ಮೇಲೊಂದು ಬಂದರೂ ಯಾರೂ ಕೆದಕುವುದಿಲ್ಲವಂತೆ. ಹಳೆಯದು ಹೊಸದು ಎಲ್ಲ ಒಟ್ಟಿಗೆ ವಾರಸುದಾರನ ಖಾತೆಗೆ ಬರುತ್ತದಂತೆ.

ದೇವಕಿ ಲೆಕ್ಕ ಹಾಕಿದಳು. ಒಮ್ಮೆ ಹಾಗೆ ತೀರಿಸಿದರೆ ಆ ನಂಬರು ಮುಚ್ಚಿಹೋಗುತ್ತದೆ. ಮುಚ್ಚಿದ ನಂಬರಿನೊಳಗಿನ ಒಂಬತ್ತು ವರ್ಷವನ್ನು ಆಮೇಲೆ ಯಾರೂ ತೆಗೆದುಕೊಡಲಾರರು. ತನ್ನ ಹೆಸರಿನಲ್ಲಿ ಏಳು ವರ್ಷ ಮಾತ್ರ ಉಳಿಯುತ್ತದೆ. ಪಿಂಚಣಿಗೆ ಹತ್ತು ತುಂಬಬೇಕು.

"ಎರಡು ತಿಂಗಳು ತಡಿ ಪುರಂದರ."

"ಮನೆಯ ಮಾಡು ನೋಡಿ ಚಿಕ್ಕಮ್ಮ." ಅವನು ಹಿಂದೆ ತಿರುಗದೆಯೇ ಕೈ ತೋರಿಸಿದ. ಅರ್ಧ ಹೆಂಚು, ಅರ್ಧ ನೀಲಿ ಪ್ಲಾಸ್ಟಿಕ್ಕು. "ಹದಿಮೂರನೆಯ ದಿನ ಊಟ ಹಾಕಬೇಕು. ಯಾರ ಹತ್ರ ಕೇಳಲಿ? ನಿಮಗೂ ಎಂತಾದರೂ ಕೊಡ್ತೇನೆ. ನಾನು ನುಂಗುವವನಲ್ಲ."

"ಎಂತಾದರೂ ಬೇಡ. ದುಡ್ಡು ನೀನು ಕೈಯಲ್ಲಿ ಕೊಡಬಹುದು. ವರ್ಷ ಹೇಗೆ ಕೊಡ್ತಿ?"

ಮರ ಸೀಳುವವರು ಕೊಡಲಿ ನಿಲ್ಲಿಸಿ ಇತ್ತ ನೋಡಿದರು. ಪುರಂದರ ದನಿ ತಗ್ಗಿಸಿದ. ಅವನಿಗೆ ಸಿಟ್ಟು ಬಂದಿರಲಿಲ್ಲ, ಸುಸ್ತಾಗಿತ್ತು.

"ಅಮ್ಮನ ಕೈಯಲ್ಲಿ ಆಗದ್ದು ನಿಮ್ಮಿಂದ ಆಗ್ತದಾ? ಕಂಪನಿಯವರು ಒಂದೇ ಕಾಗದ ಕೇಳಿದ್ದು. ಅಲ್ಲಿ ಕಟ್ಟಿದ್ದು ನೀವು ಅಂತ, ಬೀಡಿ ನೋಡಿ ತಕ್ಕೊಳ್ತಿದ್ದ ಆಗಿನ ಚೆಕ್ಕರು ಬರೆದು ಕೊಡಬೇಕು. ಸಂಕಪ್ಪಣ್ಣ ಇವತ್ತು ಬರೆದು ಕೊಟ್ಟರೆ ನಾನು ಎರಡು ತಿಂಗಳಲ್ಲ, ಎರಡು ವರ್ಷ ಕಾಯ್ತೇನೆ. ಕೊಡ್ಲಿಕ್ಕಿಲ್ಲ ಅವರು. ಹನ್ನೊಂದು ಸಲ ಅಮ್ಮನನ್ನು ವಾಪಸು ಕಳಿಸಿದ್ದಾರೆ."

*

ನಾಲ್ಕು ವರ್ಷದ ಹಿಂದೆ ಗಂಡನ ಊರಿನ ಬೀಡಿ ಬ್ರಾಂಚು ಮುಚ್ಚಿ ಬೇರೆ ಕಂಪನಿಗೆ ಸೇರಿದಾಗ ಕಲ್ಯಾಣಿ, ಮದುವೆಗೆ ಮೊದಲಿನ ತನ್ನ ಮೂರು ವರ್ಷದ ಹಣವನ್ನೂ ಹೊಸ ನಂಬರಿಗೆ ತರಿಸೋಣವೆಂದು ಪಿ.ಎಫ್. ಕಚೇರಿಗೆ ಹೋಗಿದ್ದಳು. ಗುಮಾಸ್ತ ಕಂಪ್ಯೂಟರು ನೋಡಿ, ಮೂರಲ್ಲ ಅಮ್ಮ, ಅಲ್ಲಿ ಹನ್ನೆರಡು ವರ್ಷ ಉಂಟು ಎಂದ. ಒಂಬತ್ತು ವರ್ಷ ನೀವು ಎರಡು ಊರಿನಲ್ಲಿ, ಎರಡು ಕಂಪನಿಗೆ, ಒಟ್ಟಿಗೆ ಕೆಲಸ ಮಾಡಿದ್ದೀರಿ. ಹೀಗಿದ್ದರೆ ವರ್ಗಾವಣೆ ಆಗುವುದಿಲ್ಲ ಎಂದ.

ಕಲ್ಯಾಣಿ ಮನೆಗೆ ಹೋಗಲಿಲ್ಲ. ಎರಡು ಬಸ್ಸು ಬದಲಿಸಿ ತಂಗಿಯ ಮನೆಗೆ ಬಂದಳು. ಮಧ್ಯಾಹ್ನ ಮೂರು ಗಂಟೆ. ಊಟ ಮಾಡಿರಲಿಲ್ಲ. ಹೊಸ್ತಿಲಿನ ಹೊರಗೆ ನಿಂತೇ ಕೇಳಿದಳು.

"ಆ ಒಂಬತ್ತು ವರ್ಷ ಕಟ್ಟಿದ್ದು ನೀನಾ?"

"ನಿನಗೆ ಗೊತ್ತಿರಲಿಲ್ವಾ?" ಎಂದಳು ದೇವಕಿ. ಬಹಳ ವರ್ಷದಿಂದ ನಾಲಗೆಯ ಮೇಲಿದ್ದ ಮಾತು ಅದು.

"ಅಪ್ಪ ಪುಸ್ತಕ ವಾಪಸು ಕೊಟ್ಟಿದ್ದೇನೆ ಅಂತ ಹೇಳಿದ್ದ. ನೀನು ಅಮ್ಮನ ಪುಸ್ತಕದಲ್ಲಿ ಕಟ್ಟುದು ಅಂತ ಗ್ರಹಿಸಿದ್ದೆ." ಕಲ್ಯಾಣಿ ಅಲ್ಲೇ ಮೆಟ್ಟಿಲಿನ ಮೇಲೆ ಕುಳಿತಳು. "ನಾನು ಬಳೆ ತಂದಾಗ ನೀನು ಒಂದು ದಿನವೂ ಹಾಕಿಕೊಳ್ಳಲಿಲ್ಲ. ಬಣ್ಣ ಇಷ್ಟವಾಗಲಿಲ್ಲವಾ ಅಂತ ಪ್ರತಿ ಸಲ ಬೇರೆ ಬಣ್ಣ ತರ್ತಿದ್ದೆ."

ದೇವಕಿ ಒಳಗೆ ಹೋಗಿ ಅನ್ನಕ್ಕಿಟ್ಟಳು.

ರೋಹಿತಾಕ್ಷ ಒಂದು ಸುಲಭದ ದಾರಿ ಹೇಳಿಕೊಟ್ಟಿದ್ದ. ಬೀಡಿ ಮನೆಯಲ್ಲಿ ಕಟ್ಟುವುದಲ್ಲವೇ, ಎರಡೂ ಪುಸ್ತಕ ನನ್ನದೇ, ನಾನೇ ಕಟ್ಟಿದ್ದು ಎಂದು ಬರೆದುಕೊಟ್ಟರೆ ಮುಗಿಯಿತು. ತುಂಬ ಜನ ಹಾಗೆ ಮಾಡಿದ್ದಾರೆ ಎಂದ. ಮಗನೂ ಅದನ್ನೇ ಹೇಳಿದ. ಅಮ್ಮ ಮಗನ ನಡುವೆ ಒಂದು ವಾರ ಮಾತು ನಿಂತಿತು. ದೇವಕಿಯೇ ಕೊನೆಗೆ, ಹೋಗಲಿ ಬಿಡು ಅಕ್ಕ, ನಿನ್ನ ಹೆಸರಲ್ಲಿರುವುದು ನಿನಗೇ ಬರಲಿ ಎಂದಳು. ಕಲ್ಯಾಣಿ ಅವಳ ಮುಖವನ್ನೇ ನೋಡಿ, ನೀನು ಕಟ್ಟಿದ ಬೀಡಿಯನ್ನು ನಾನು ಕಟ್ಟಿದ್ದೇನೆ ಅಂತ ಸಹಿ ಹಾಕಲಿಕ್ಕೆ ನನಗೆ ಬರುವುದಿಲ್ಲ ಎಂದಳು. ಅಷ್ಟೇ. ಆಮೇಲೆ ಆ ವಿಷಯದಲ್ಲಿ ಯಾರ ಮಾತನ್ನೂ ಕೇಳಲಿಲ್ಲ.

ತನ್ನ ಹೇಳಿಕೆಯನ್ನು ನೋಟರಿಯ ಮುಂದೆ ಬರೆದುಕೊಟ್ಟಳು. ಹಳೆಯ ಕಂಪನಿಯ ಆಫೀಸಿಗೆ ಹೋಗಿ ಹೋಗಿ, ಅಲ್ಲಿಯ ಕಾವಲಿನವನ ಮಗಳ ಮದುವೆಗೆ ಆಮಂತ್ರಣ ಬರುವಷ್ಟು ಪರಿಚಯವಾದಳು. ಕಂಪನಿಯವರು ಕೊನೆಗೆ ಒಪ್ಪಿದರು. ಚೆಕ್ಕರಿನ ಕಾಗದ ತಂದರೆ ಒಂಬತ್ತು ವರ್ಷವನ್ನು ದೇವಕಿಯ ಹೆಸರಿಗೆ ತಿದ್ದಿ, ಅಲ್ಲಿಂದ ದೇವಕಿಯ ಏಳು ವರ್ಷಕ್ಕೆ ಜೋಡಿಸಲು ಬರೆಯುತ್ತೇವೆ ಎಂದರು.

ಚೆಕ್ಕರು ಸಂಕಪ್ಪಣ್ಣ ಮೊದಲ ಸಲ ಮಜ್ಜಿಗೆ ಕೊಟ್ಟು ಕಳಿಸಿದರು. ಎರಡನೆಯ ಸಲ ಸೊಸೆಯಿಂದ, ಮಲಗಿದ್ದಾರೆ ಎಂದು ಹೇಳಿಸಿದರು. ಮೂರನೆಯ ಸಲ, ನನಗೆ ಎಂತದೂ ನೆನಪಿಲ್ಲ ಎಂದರು. ಆಮೇಲೆ ಪ್ರತಿ ತಿಂಗಳ ಮೊದಲ ಮಂಗಳವಾರ ಕಲ್ಯಾಣಿ ಅವರ ಮನೆಯ ಮೆಟ್ಟಿಲಿನ ಮೇಲೆ ಎರಡು ಗಂಟೆ ಕುಳಿತು, ಬರುವ ತಿಂಗಳು ಬರ್ತೇನೆ ಎಂದು ಹೇಳಿ ಏಳುತ್ತಿದ್ದಳು.

*

ಹೆಣ ಎತ್ತುವ ಹೊತ್ತಿಗೆ ಸಂಕಪ್ಪಣ್ಣ ಬಂದರು. ಎಪ್ಪತ್ತಾರರ ಮುದುಕ, ಇಸ್ತ್ರಿ ಮಾಡಿದ ಬಿಳಿ ಪಂಚೆ, ಕೊಡೆ. ಕೈಯಲ್ಲಿ ಸೇವಂತಿಗೆಯ ಒಂದು ಮಾಲೆಯಿತ್ತು. ಹಳೆಯ ಬೀಡಿ ಹೆಂಗಸರು ಅಭ್ಯಾಸಬಲದಿಂದ ಎದ್ದು ನಿಂತರು. ಒಂದು ಕಾಲದಲ್ಲಿ ಸಂಕಪ್ಪಣ್ಣನ ಬೆರಳುಗಳು ಕಟ್ಟಿನಿಂದ ಬೀಡಿ ಹೆಕ್ಕಿ ಪಕ್ಕಕ್ಕೆ ಎಸೆದರೆ ಆ ದಿನದ ಕೂಲಿ ಅಷ್ಟಕ್ಕಷ್ಟು ಕಡಿಮೆಯಾಗುತ್ತಿತ್ತು. ಮಾಲೆಯನ್ನು ಕಲ್ಯಾಣಿಯ ಕಾಲಿನ ಮೇಲಿಟ್ಟು ಕೈಮುಗಿದರು. ಯಾರ ಮುಖವನ್ನೂ ನೋಡಲಿಲ್ಲ.

ಪುರಂದರ ಮುಂದಿನ ಬಲಗಡೆ ಹೆಗಲು ಕೊಟ್ಟ. ಗಂಡಸರು ಗುಡ್ಡೆಯ ಬದಿಯ ದಾರಿ ಹಿಡಿದರು. ಹೆಂಗಸರು ಅಂಗಳದ ತುದಿಯ ತನಕ ಹೋಗಿ ನಿಂತರು. ಅಳು ಎದ್ದು, ಹರಡಿ, ತಗ್ಗಿತು. ಮನೆ ತೊಳೆಯಲು ಒಬ್ಬಳು ಕೊಡಪಾನ ಹಿಡಿದಳು. ಹತ್ತಿರದ ಹೆಂಗಸರೆಲ್ಲ ಸ್ನಾನಕ್ಕೆ ಬಾವಿಯ ಕಡೆ ಹೊರಟರು.

ದೇವಕಿ ತಿರುಗಿ ನೋಡಿದಾಗ ಸಂಕಪ್ಪಣ್ಣ ಇರಲಿಲ್ಲ. ಸಾವಿನ ಮನೆಯಿಂದ ಯಾರೂ ಹೋಗುತ್ತೇನೆಂದು ಹೇಳಿ ಹೋಗುವುದಿಲ್ಲ. ಅವರಿಗೆ ಅದು ಅನುಕೂಲವೇ ಆಗಿತ್ತು.

ಅವಳು ಗೇಟಿನ ಕಡೆ ನಡೆದಳು.

"ಸ್ನಾನ ಮಾಡದೆ ದಾರಿಗೆ ಹೋಗುದಾ?" ಎಂದಳು ಕೊಡಪಾನ ಹಿಡಿದವಳು.

ದೇವಕಿ ನಿಲ್ಲಲಿಲ್ಲ. ಬೇಲಿಯಾಚೆಯಿಂದ ಐಸಮ್ಮ ನೋಡಿ, ಮೂರೂವರೆಯ ಬಸ್ಸಿಗೆ ಇನ್ನೂ ಹೊತ್ತುಂಟು, ಓಡಬೇಡ, ಬೀಳ್ತಿ ಎಂದಳು.

ಬಸ್ಸು ನಿಲ್ಲುವ ಕಟ್ಟೆಯ ಮೇಲೆ ಸಂಕಪ್ಪಣ್ಣ ಕೊಡೆಗೆ ಗಲ್ಲ ಊರಿ ಕುಳಿತಿದ್ದರು. ಕೆದರಿದ ತಲೆ, ಹೆಣ ತೊಳೆದ ನೀರು ಒಣಗಿದ ಸೀರೆಯಲ್ಲಿ ಬಂದವಳನ್ನು ಕಂಡು ಸ್ವಲ್ಪ ಹಿಂದೆ ಸರಿದರು. ಮೈಲಿಗೆಯಲ್ಲಿ ಬಂದೆಯಾ ಎಂದರು. ಸ್ನಾನ ಮಾಡಿ ಬಂದರೆ ನೀವು ಸಿಗುತ್ತಿದ್ದಿರಾ ಎಂದು ಅವಳು ಕೇಳಿದಳು. ಅವರು ರಸ್ತೆಯ ತಿರುವನ್ನು ನೋಡಿದರು. ಬಸ್ಸು ಕಾಣಲಿಲ್ಲ.

ನಾನು ಮುದುಕ, ಕಂಪನಿಯಿಂದ ನನಗೆ ಬರುವ ನಾಲ್ಕು ಕಾಸು ನಿಂತುಹೋದರೆ ಮಗ ಸೊಸೆ ನೋಡುವುದಿಲ್ಲ, ನನ್ನನ್ನು ಈ ವಯಸ್ಸಿನಲ್ಲಿ ಕೋರ್ಟಿಗೆ ಹತ್ತಿಸಬೇಡ ಎಂದು ಅವರು ಒಂದೇ ಉಸಿರಿನಲ್ಲಿ ಹೇಳಿದರು. ಕಲ್ಯಾಣಿಗೂ ಇದನ್ನೇ ಹೇಳಬೇಕೆಂದಿದ್ದೆ, ಅವಳು ಕೇಳುತ್ತಲೇ ಇರಲಿಲ್ಲ, ಸುಮ್ಮನೆ ಕುಳಿತಿರುತ್ತಿದ್ದಳು ಎಂದರು. "ನಾನು ಎಂತ ಬರೆಯುದು ದೇವಕಿ? ಹದಿಮೂರು ವರ್ಷದ ಹುಡುಗಿಯ ಬೀಡಿ ತಕ್ಕೊಂಡೆ ಅಂತಲಾ?"

"ಹೌದು. ಅದನ್ನೇ."

"ನೆನಪಿಲ್ಲ ಅಂದೆನಲ್ಲ."

"ಅಕ್ಕನಿಗೆ ಗೊತ್ತಿರದ್ದು ಒಂದುಂಟು. ನಾನು ಅವಳಿಗೂ ಹೇಳಿರಲಿಲ್ಲ," ಎಂದಳು ದೇವಕಿ. "ನಾನು ಎಡಗೈಯವಳು ಅಂತ ನೀವು ಕಂಡುಹಿಡಿದದ್ದು."

ಸಂಕಪ್ಪಣ್ಣ ಕೊಡೆಯಿಂದ ಗಲ್ಲ ಎತ್ತಿದರು.

ಎಡಗೈಯಲ್ಲಿ ಕಟ್ಟಿದ ಬೀಡಿಯ ಎಲೆ ಆಚೆಯಿಂದ ಈಚೆಗೆ ಸುತ್ತಿಕೊಳ್ಳುತ್ತದೆ. ಇಪ್ಪತ್ತೈದರ ಕಟ್ಟಿನಲ್ಲಿ ನೋಡಿದರೆ ಯಾರಿಗೂ ಗೊತ್ತಾಗದು. ಚೆಕ್ಕರಿನ ಬೆರಳಿಗೆ ಗೊತ್ತಾಗುತ್ತದೆ. ಎರಡನೆಯ ವಾರ ಸಂಕಪ್ಪಣ್ಣ ಅವಳ ಕಟ್ಟನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದ್ದರು. ಒಂದನ್ನೂ ಎಸೆದಿರಲಿಲ್ಲ. ಅಪ್ಪನನ್ನು ಬ್ರಾಂಚಿನ ಹಿಂದೆ ಕರೆದು ಏನೋ ಹೇಳಿದ್ದರು. ಮರುದಿನ ಬೆಳಿಗ್ಗೆ ಅಪ್ಪ ಬೀಡಿಯ ನೂಲನ್ನು ನಾಲ್ಕೆಳೆ ಮಾಡಿ ಅವಳ ಎಡಗೈಯನ್ನು ಚಾವಡಿಯ ಕಂಬಕ್ಕೆ ಕಟ್ಟಿದ. ಬಲಗೈಯಲ್ಲಿ ಮಾಡು ಎಂದ. ಸುರುಳಿ ಕೈತಪ್ಪಿ ಬಿಚ್ಚಿಕೊಂಡಾಗಲೆಲ್ಲ ಬೆನ್ನಿಗೆ ಬೀಳುತ್ತಿತ್ತು. ಮೂರು ವಾರದಲ್ಲಿ ಬಲಗೈ ಕಲಿಯಿತು. ಊಟವನ್ನು, ಬರವಣಿಗೆಯನ್ನು, ಈಗ ಶಾಲೆಯ ದೊಡ್ಡ ಪಾತ್ರೆಯಲ್ಲಿ ಸಾರು ತಿರುಗಿಸುವುದನ್ನು ಕೂಡ ಅವಳು ಅಂದಿನಿಂದ ಬಲಗೈಯಲ್ಲೇ ಮಾಡುತ್ತಾಳೆ.

ಇದನ್ನೆಲ್ಲ ಅವಳು ಹೀಗೆ ಹೇಳಲಿಲ್ಲ. ಅಪ್ಪ ಇದನ್ನು ಕಂಬಕ್ಕೆ ಕಟ್ಟಿದ್ದ ಎಂದಷ್ಟೇ ಹೇಳಿ, ಎಡಗೈಯ ತೋಳು ಸರಿಸಿ ಮಣಿಕಟ್ಟು ತೋರಿಸಿದಳು. ಅಲ್ಲಿ ಕಾಣುವಂಥದ್ದು ಏನೂ ಉಳಿದಿರಲಿಲ್ಲ. ಆದರೂ ಅವರು ನೋಡಿದರು.

"ಕಂಬಕ್ಕೆ ಕಟ್ಟಿದ್ದು ನನಗೆ ಗೊತ್ತಿಲ್ಲ," ಎಂದರು. "ಬಲಗೈಯಲ್ಲಿ ಕಟ್ಟಿಸು ಅಂದದ್ದು ಹೌದು. ಕಂಪನಿಯ ಇನ್ಸ್‌ಪೆಕ್ಟರ್ ಬರುವವನಿದ್ದ. ಕಟ್ಟಿದ್ದು ಕಲ್ಯಾಣಿ ಅಲ್ಲ ಅಂತ ಅವನಿಗೆ ಗೊತ್ತಾದರೆ ಪುಸ್ತಕ ಹೋಗ್ತಿತ್ತು. ನಿಮ್ಮ ಮನೆಯಲ್ಲಿ ಅಕ್ಕಿ ಇರಲಿಲ್ಲ ಆಗ."

"ಅದನ್ನೂ ಬರೀರಿ."

ಬಸ್ಸು ಬಂತು. ಕಂಡಕ್ಟರು ಇಳಿಯದೆ ಬಾಗಿಲು ಬಡಿದ. ಸಂಕಪ್ಪಣ್ಣ ಎದ್ದರು. ದೇವಕಿ ಅಡ್ಡ ನಿಲ್ಲಲಿಲ್ಲ. ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

"ಹತ್ತುದಾದರೆ ಹತ್ತಿ. ಮಂಗಳವಾರ ನಾನು ಬರ್ತೇನೆ. ಅದರ ಮುಂದಿನ ಮಂಗಳವಾರವೂ ಬರ್ತೇನೆ. ನಾನು ಅಕ್ಕನ ಹಾಗೆ ಮೆಟ್ಟಿಲಲ್ಲಿ ಕೂತುಕೊಳ್ಳುವವಳಲ್ಲ. ಒಳಗೆ ಬಂದು ನಿಮ್ಮ ಸೊಸೆಯ ಎದುರು, ಮಗನ ಎದುರು, ಈಗ ಹೇಳಿದ್ದನ್ನೇ ಹೇಳ್ತೇನೆ. ಒಂಬತ್ತು ವರ್ಷ ಕಲ್ಯಾಣಿ ಅಂದಾಗಲೆಲ್ಲ ಹಾಂ ಅಂದಿದ್ದೇನೆ. ಇನ್ನು ನನ್ನಿಂದ ಆಗುದಿಲ್ಲ."

ಕಂಡಕ್ಟರು ಮತ್ತೊಮ್ಮೆ ಬಡಿದ. ಸಂಕಪ್ಪಣ್ಣ ಬಸ್ಸಿನ ಕಡೆ ಕೊಡೆ ಎತ್ತಿ, ಹೋಗು ಎಂಬಂತೆ ಅಲ್ಲಾಡಿಸಿದರು. ಧೂಳು ತಗ್ಗುವ ತನಕ ಇಬ್ಬರೂ ನಿಂತೇ ಇದ್ದರು.

"ನನಗೆ ಕ್ಯಾನ್ಸರ್ ಅಂತ ಡಾಕ್ಟರು ಹೇಳಿದಾಗಲೂ ಇಷ್ಟು ಹೆದರಿಕೆ ಆಗಿರಲಿಲ್ಲ," ಎಂದರು ಅವರು. "ಹನ್ನೆರಡನೆಯ ಸಲ ಕಲ್ಯಾಣಿ ಬಂದರೆ ಬರೆದು ಕೊಟ್ಟೇಬಿಡುವಾ ಅಂತ ಇದ್ದೆ. ನನಗೆ ಗೊತ್ತು, ನೀನು ನಂಬುದಿಲ್ಲ."

"ನಂಬುದಿಲ್ಲ," ಎಂದಳು ದೇವಕಿ. "ಬನ್ನಿ."

ಸಾವಿನ ಮನೆಯಿಂದ ಹೊರಟವರು ಅದೇ ದಿನ ತಿರುಗಿ ಬರುವುದನ್ನು ಅಲ್ಲಿ ಯಾರೂ ಕಂಡಿರಲಿಲ್ಲ. ತೊಳೆದ ಚಾವಡಿಗೆ ಅವರನ್ನು ಹತ್ತಿಸಬಹುದೋ ಬಾರದೋ ಎಂದು ಹೆಂಗಸರು ಮುಖ ಮುಖ ನೋಡಿಕೊಂಡರು. ಐಸಮ್ಮ ಬೇಲಿಯ ತಡಮೆ ತೆಗೆದು, ನಮ್ಮಲ್ಲಿ ನಿಮ್ಮ ಲೆಕ್ಕದ ಮೈಲಿಗೆ ಇಲ್ಲ ಮಾರಾಯ್ತಿ, ಇಲ್ಲಿಗೆ ಕರಕೊಂಡು ಬಾ ಎಂದಳು. ತನ್ನ ಜಗಲಿಯಲ್ಲಿ ಚಾಪೆ ಹಾಸಿದಳು. ಒಳಗಿನಿಂದ ಗೆರೆಯ ಹಾಳೆ, ಪೆನ್ನು ತಂದಳು. ಹಾಳೆಯ ಕೆಳಗಿಡಲು ರೊಟ್ಟಿ ಲಟ್ಟಿಸುವ ಮಣೆ ತಂದು, ಒಮ್ಮೆ ಸೆರಗಿನಲ್ಲಿ ಒರೆಸಿ ಕೊಟ್ಟಳು.

ಸಂಕಪ್ಪಣ್ಣನ ಅಕ್ಷರ ದುಂಡಗೆ, ನಿಧಾನ. ತನ್ನ ಹೆಸರು, ತಂದೆಯ ಹೆಸರು, ಬ್ರಾಂಚಿನ ಹೆಸರು ಬರೆದರು. ಯಾವಾಗಿನಿಂದ ಎಂದು ಕೇಳಿದರು. ಅಕ್ಕನ ಮದುವೆಯ ಮರು ಸೋಮವಾರ ಎಂದಳು ದೇವಕಿ. ತಿಂಗಳು ಹೇಳಿದಳು, ವರ್ಷ ಹೇಳಿದಳು. ವಯಸ್ಸಿನ ಜಾಗದಲ್ಲಿ ಅವರ ಪೆನ್ನು ನಿಂತಿತು. ಆಮೇಲೆ ಅಂಕಿಯಲ್ಲಿ ಬರೆಯದೆ ಹದಿಮೂರು ಎಂದು ಅಕ್ಷರದಲ್ಲಿ ಬರೆದರು. ಎಡಗೈಯ ಸಂಗತಿಯನ್ನೂ ಬರೆದರು. ಅವಳು ಸ್ನಾನವಿಲ್ಲದೆ, ಕುಳಿತುಕೊಳ್ಳದೆ, ಜಗಲಿಯ ಕೆಳಗೆ ನಿಂತು ಒಂದೊಂದು ಸಾಲನ್ನೂ ನೋಡಿದಳು. ಗುಡ್ಡೆಯ ಮೇಲಿನ ಹೊಗೆ ಮೊದಲು ಕಪ್ಪಗಿದ್ದದ್ದು ಬಿಳಿಯಾಗಿ, ತೆಳ್ಳಗಾಗುತ್ತ ಬಂತು.

ಸಹಿ ಹಾಕುವ ಹೊತ್ತಿಗೆ ಗಂಡಸರು ತೋಡಿನಲ್ಲಿ ಮುಳುಗಿ ಬಂದರು. ಮುಂದೆ ಪುರಂದರ. ಬರಿಮೈ, ಸೊಂಟದಲ್ಲಿ ಒದ್ದೆ ಪಂಚೆ, ಕಣ್ಣು ಹೊಗೆಯಿಂದ ಕೆಂಪಾಗಿತ್ತು. ಮನೆಯ ಬಾಗಿಲಿನಲ್ಲಿ ಇಟ್ಟಿದ್ದ ದೀಪದ ಕಡೆ ಹೋಗುತ್ತಿದ್ದವನು ಬೇಲಿಯಾಚೆ ಮುದುಕನನ್ನು ಕಂಡು ನಿಂತ. ಮಿಕ್ಕವರು ಮುಂದೆ ಹೋದರು. ಅವನು ತಡಮೆ ದಾಟಿ ಬಂದ.

ಸಂಕಪ್ಪಣ್ಣ ಹಾಳೆಯನ್ನು ಮುಂದೆ ಚಾಚಿದರು. ಪುರಂದರ ಕೈ ನೀಡಿದವನು ಹಿಂದಕ್ಕೆ ತೆಗೆದುಕೊಂಡ.

"ಐಸಮ್ಮ, ಒಂದು ಒಣ ಬಟ್ಟೆ ಕೊಡಿ."

ಅವಳು ಹಗ್ಗದ ಮೇಲಿನ ಟವೆಲು ಎಸೆದಳು. ಅವನು ಒಂದೊಂದು ಬೆರಳನ್ನೂ ಒರೆಸಿಕೊಂಡು ಹಾಳೆ ಹಿಡಿದ. ತುಟಿ ಅಲುಗಿಸುತ್ತ ಓದಿದ. ಮಧ್ಯದಲ್ಲಿ ಒಂದು ಕಡೆ ನಿಂತು, ತಲೆ ಎತ್ತಿ ಚಿಕ್ಕಮ್ಮನ ಕೈಗಳನ್ನು ನೋಡಿದ. ಮತ್ತೆ ಮೊದಲಿನಿಂದ ಓದಿದ.

"ಇದರ ಜೆರಾಕ್ಸು ಎಷ್ಟು ಬೇಕು ಚಿಕ್ಕಮ್ಮ?"

"ಮೂರು," ಎಂದಳು ದೇವಕಿ.

ಅವನು ತಲೆಯಾಡಿಸಿದ. ಕೂದಲಿನಿಂದ, ಮೊಣಕೈಯಿಂದ ನೀರು ಇಳಿಯುತ್ತಲೇ ಇತ್ತು. ಕಾಲಡಿಯ ಕೆಂಪು ಮಣ್ಣು ಕಪ್ಪಾಗುತ್ತಿತ್ತು. ಒಂದು ಹನಿಯೂ ಅಕ್ಷರದ ಮೇಲೆ ಬೀಳದಂತೆ ಅವನು ತೋಳುಗಳನ್ನು ಮೈಯಿಂದ ದೂರ ಚಾಚಿ, ಕುತ್ತಿಗೆ ಹಿಂದಕ್ಕೆ ಬಾಗಿಸಿ, ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ.